ಸಕ್ಕುಬಾಯಿ ಮಾತಾಡಿದ ಮೇಲೆ

ನಿಪ್ಪಾಣಿ ಬಸ್ ನಿಲ್ದಾಣದ ಹೊರಗೆ ಇನ್ನೂ ನಸುಗತ್ತಲು. ಚಹಾ ಅಂಗಡಿಗಳ ಸಾಲಿನ ಮುಂದೆ ಸಕ್ಕುಬಾಯಿ ಬಗ್ಗಿ ಕಸ ಗುಡಿಸುತ್ತಿದ್ದಾರೆ. ಕೊಲ್ಹಾಪುರದ ಮೊದಲ ಬಸ್ಸು ಬರುವ ಮುನ್ನ ನಿನ್ನೆಯ ಬೀಡಿ ತುಂಡು, ಬಾಳೆಹಣ್ಣಿನ ಸಿಪ್ಪೆ, ಒಡೆದ ಗ್ಲಾಸಿನ ಚೂರು ಎಲ್ಲ ಒಂದು ಮೂಲೆ ಸೇರಬೇಕು. ವಿಠೋಬಾ ಅವರ ಅಂಗಡಿಯ ರೇಡಿಯೊದಲ್ಲಿ ಚರ್ಚೆ ನಡೆದಿದೆ. ಹೆಣ್ಣುಮಕ್ಕಳು ಪಂಚಾಯಿತಿಗೆ ಬಂದು ಧೈರ್ಯವಾಗಿ ಮಾತಾಡಬೇಕು ಎನ್ನುತ್ತಿದ್ದಾರೆ ಯಾರೋ. ಬೆಂಚಿನ ಮೇಲಿದ್ದವರು ಅದನ್ನೇ ಹಿಡಿದು ವಾದಕ್ಕಿಳಿಯುತ್ತಾರೆ. ಸಕ್ಕುಬಾಯಿ ತಲೆಯೆತ್ತುವುದಿಲ್ಲ.

ಎಂಬತ್ತೊಂಬತ್ತನೇ ಇಸವಿಯಲ್ಲಿ ಇದೇ ರೇಡಿಯೊದಲ್ಲಿ ಮಾತಾಡಿದ ಹೆಣ್ಣುಮಗಳು ಇವರೇ ಎಂದು ಆ ಬೆಂಚಿನವರಿಗೆ ನೆನಪಿದೆಯೋ ಇಲ್ಲವೋ.

ಆಗ ಅವರಿಗೆ ತಂಬಾಕಿನ ಗೋದಾಮಿನಲ್ಲಿ, ಇಲ್ಲಿಯವರ ಮಾತಿನಲ್ಲಿ ವಖಾರಿಯಲ್ಲಿ, ಜರಡಿ ಹಿಡಿಯುವ ಕೆಲಸ. ಗಂಡ ದಶರಥ ತೀರಿಕೊಂಡ ಮೇಲೆ ಮಗಳನ್ನೂ ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಕಲಿಸಿದ್ದರು. ಒಂದು ದಿನ ಊಟದ ಹೊತ್ತಿಗೆ ರೇಡಿಯೊದವರು ಬಂದರು. ದುಡಿಯುವ ಹೆಣ್ಣುಮಕ್ಕಳ ಬದುಕಿನ ಬಗ್ಗೆ ಚರ್ಚೆ, ನೀವೂ ಮಾತಾಡಿ ಎಂದರು. ಜೊತೆಯವರೆಲ್ಲ ಸೆರಗು ಮುಂದೆಳೆದುಕೊಂಡರು. ಮೈಕು ಸಕ್ಕುಬಾಯಿಯ ಮುಂದೆ ನಿಂತಿತು.

ಅವರು ಇದ್ದದ್ದನ್ನು ಹೇಳಿದರು. ಧೂಳಿನಲ್ಲಿ ಎದುರಿಗಿದ್ದವರ ಮುಖ ಕಾಣುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗುತ್ತದೆ, ಬಸುರಿಯರೂ ಅಲ್ಲೇ ಕೂರಬೇಕು. ನಾಯಕರು ಬಂದು ನೋಡುವುದಿಲ್ಲವೇ ಎಂದು ಕೇಳಿದಾಗ, “ಓಟ ಕೇಳಾಕ ಬಾಗಲತನಕ ಬರ್ತಾರ್ರಿ. ಒಳಗ ಬಂದ್ರ ಧೋತರ ಹೊಲಸಾಕ್ಕೈತಿ” ಎಂದರು. ಜೊತೆಯವರು ಸೆರಗಿನೊಳಗೇ ನಕ್ಕರು.

ಮಾತು ಪ್ರಸಾರವಾದ ಮರುದಿನ ಕೆಲಸದವರ ಮೇಲ್ವಿಚಾರಕ ಮುಕಾದಮ ಅವರನ್ನು ಬಾಗಿಲಲ್ಲೇ ತಡೆದ. ಮಾತಾಡುವವರಿಗೆ ರೇಡಿಯೊದವರೇ ಕೆಲಸ ಕೊಡಲಿ ಎಂದ. ಮಗಳನ್ನು ಮಾತ್ರ ಒಳಗೆ ಬಿಟ್ಟ. ಸಕ್ಕುಬಾಯಿ ಉಳಿದ ವಖಾರಿಗಳಿಗೂ ಅಲೆದರು. ಅವರ ಹೆಸರು ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿ ಮುಟ್ಟಿತ್ತು. ನಕ್ಕಿದ್ದ ಹೆಂಗಸರು ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿದರು.

“ನಾ ಏನ್ ರಾಜಕಾರಣ ಮಾಡಿದ್ನೇನ್ರಿ? ಕೇಳಿದ್ರು, ಹೇಳಿದ್ನಿ” ಎಂದು, ಬರೆದುಕೊಳ್ಳಲು ಬಂದ ನನ್ನನ್ನು ಈಗ ಕೇಳುತ್ತಾರೆ.

ಕೊನೆಗೆ ಕಸಬರಿಗೆ ಕೊಟ್ಟವರು ವಿಠೋಬಾ. ಅಕ್ಕಪಕ್ಕದ ಅಂಗಡಿಯವರನ್ನೂ ಅವರೇ ಒಪ್ಪಿಸಿದರು. ಮುಂಜಾನೆ ಇಲ್ಲಿ ಗುಡಿಸಿ, ಹೊತ್ತೇರಿದ ಮೇಲೆ ಸಕ್ಕುಬಾಯಿ ಎರಡು ಖಾನಾವಳಿಗಳ ಪಾತ್ರೆ ತಿಕ್ಕುತ್ತಾರೆ. ಸೋಡಾ ಪುಡಿಗೆ ಬೆರಳ ಸಂದುಗಳು ಬಿರಿದಿವೆ.

ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ವಾರಗಳ ಬಳಿಕ ಇನ್ನೊಂದು ಕಡೆಯವರ ಅಭಿಪ್ರಾಯ ಕೇಳಲು ರೇಡಿಯೊದವರು ಮತ್ತೆ ಬಂದರು. ಈ ಸಲ ಮೈಕಿನ ಮುಂದೆ ಯಾರು ಕೂರಬೇಕು ಎಂದು ಮುಕಾದಮನೇ ಗೊತ್ತುಮಾಡಿದ. ಅದು ಪ್ರಸಾರವಾದಾಗ ಸಕ್ಕುಬಾಯಿ ವಿಠೋಬಾ ಅವರ ಈ ಅಂಗಡಿಯೆದುರೇ ನಿಂತು ಕೇಳಿಸಿಕೊಂಡರು. ನಮ್ಮ ವಖಾರಿಯಲ್ಲಿ ಧೂಳಿಲ್ಲ, ಮಾಲೀಕರು ಮನೆಮಕ್ಕಳಂತೆ ನೋಡಿಕೊಳ್ಳುತ್ತಾರೆ, ಮೊದಲು ಹೇಳಿದ್ದೆಲ್ಲ ಸುಳ್ಳು ಎನ್ನುತ್ತಿದ್ದ ದನಿ ಮಗಳದು. ವಿಠೋಬಾ ರೇಡಿಯೊ ಬಂದ್ ಮಾಡಲು ಕೈ ಚಾಚಿದರು. “ಇರ್ಲಿ ಬಿಡ್ರಿ ಅಣ್ಣಾ, ನನ್ನ ಮಗಳ ಮಾತಾಡಾಕತ್ತಾಳ” ಎಂದು ಸಕ್ಕುಬಾಯಿ ತಡೆದರು.

ಸಂಜೆ ಮನೆಗೆ ಬಂದ ಮಗಳು ಹೊಸ್ತಿಲ ಆಚೆಯೇ ನಿಂತಿದ್ದಳಂತೆ. ತಾಯಿ ರೊಟ್ಟಿ ಹಾಕಿ ಕರೆದರು. ಅಂದಿನಿಂದ ಇಂದಿನವರೆಗೆ ಆ ಮನೆಯಲ್ಲಿ ರೇಡಿಯೊದ ಮಾತು ಎದ್ದಿಲ್ಲ. ಮಗಳು ಈಗಲೂ ಅದೇ ವಖಾರಿಗೆ ಹೋಗುತ್ತಾಳೆ. ಧೂಳೂ ಹಾಗೇ ಇದೆ. ಸಕ್ಕುಬಾಯಿಯಂತೆ ಮಾತಾಡಲು ಆಮೇಲೆ ಯಾರೂ ಮುಂದೆ ಬಂದಿಲ್ಲ.

ಇದನ್ನು ಬರೆಯುತ್ತೇನೆ, ನಿಮಗೇನು ಆಗಬೇಕು ಎಂದು ಕೇಳುತ್ತೇನೆ. ಉಳಿದ ಕಸವನ್ನು ಮೂಲೆಗೆ ತಳ್ಳಿ ನೆಟ್ಟಗಾಗುತ್ತಾರೆ. ತಮ್ಮ ಹೆಸರು ಹಾಕಬಹುದು, ಮಗಳದು ಬೇಡ ಎನ್ನುತ್ತಾರೆ.

“ಆಕಿ ಸುಳ್ಳ ಹೇಳಿದ್ಳಂತ ಬರೀಬ್ಯಾಡ್ರಿ. ಧೂಳ ಇಲ್ಲ ಅನ್ನೂಮುಂದ ಆಕಿ ಕೆಮ್ಮಿದ್ಳರಿ. ಎಲ್ಲಾರೂ ಮಾತ ಕೇಳಿದ್ರು. ಕೆಮ್ಮ ಕೇಳಿದಾಕಿ ನಾ ಒಬ್ಬಾಕೀನ.”