ಮನೆಗೊಂದು ಪಡಿ

ಕಳೆದ ವಾರ ತಾರಮಂಗಲಂನ ಹಳೆಯ ಪಾತ್ರೆ ಅಂಗಡಿಯಲ್ಲಿ, ತೂತುಬಿದ್ದ ಕೊಡಗಳ ನಡುವೆ, ರಾಗಿ ಅಳೆಯುವ ಒಂದು ಕಬ್ಬಿಣದ ಪಡಿ ಕಂಡಿತು. ಬಾಯಿಗೆ ಹಿತ್ತಾಳೆ ಪಟ್ಟಿ, ತಳದಲ್ಲಿ ತುಕ್ಕು. ಎತ್ತಿ ಮೂಸಿದೆ. ರಾಗಿಯ ವಾಸನೆ ಎಂದೋ ಹೋಗಿತ್ತು. ಆದರೂ ಕೆಳಗಿಡಲು ಮನಸ್ಸಾಗಲಿಲ್ಲ...

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಧರ್ಮಪುರಿಯಲ್ಲಿ ಒಂದು ತಮಿಳು ದಿನಪತ್ರಿಕೆಯ ವರದಿಗಾರ. ಅದಿಯಮಾನ್‌ಕೋಟೆಯಿಂದ ಒಳಗೆ, ಕನ್ನಡ ಮಾತಾಡುವ ಒಂದು ಹಳ್ಳಿಗೆ ಆಗ ಕುರಿ ಸಾಕುವ ಮನೆಯ ಹೆಂಗಸೊಬ್ಬರು ಪಂಚಾಯತಿ ಅಧ್ಯಕ್ಷೆಯಾಗಿದ್ದರು. ಊರವರು ತಮಿಳಿನ ‘ತಲೈವರ್’ಗೆ ಅಮ್ಮ ಸೇರಿಸಿ ತಲೈವರಮ್ಮ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ನನ್ನನ್ನು ಪೇಪರಣ್ಣ ಎನ್ನುತ್ತಿದ್ದರು.

ಬ್ಲಾಕ್ ಕಚೇರಿಯಿರುವ ನಲ್ಲಂಪಳ್ಳಿಯಲ್ಲಿ ಅಧ್ಯಕ್ಷರ ಸಭೆ ಇದ್ದ ದಿನ ಅವರು ಕುರಿಗಳನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ಅವಳಿಗೆ ಕೂಲಿ ಕೊಟ್ಟು, ಬಸ್ಸು ಹತ್ತಬೇಕಿತ್ತು. ಹನ್ನೊಂದು ಗಂಟೆಯ ಸಭೆ ಎರಡಕ್ಕೆ ಶುರುವಾಗುತ್ತಿತ್ತು. ಬೈಕಿನಲ್ಲಿ ಬರುವ ಬೇರೆ ಊರಿನ ಅಧ್ಯಕ್ಷರು, ಇದು ಸೇವೆ, ಸೇವೆಗೆ ಕಾಸು ಕೇಳಬಾರದು ಎನ್ನುತ್ತಿದ್ದರು. ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ತಲೈವರಮ್ಮ ಆ ಮಾತು ಎತ್ತಿದರು.

“ಕಾಸಿರೋನು ಸಂಬ್ಳ ಬ್ಯಾಡ ಅಂತಾನೆ. ಅವ್ನಿಗೆ ಬ್ಯಾರೆ ದಾರಿ ಐತೆ. ನಂಗೆ ಕುರಿ ಬಿಟ್ರೆ ಏನೈತೆ ಪೇಪರಣ್ಣ?”

ಹಾಗಾದರೆ ಎಷ್ಟು ಕೊಡಬೇಕು ಎಂದು ಕೇಳಿದೆ.

“ಅದ ನಾನ್ ಏಳ್ಬಾರ್ದು. ಮೇಲಿರೋರೂ ಏಳ್ಬಾರ್ದು. ಊರೋರು ಕುಂತು ಏಳ್ಲಿ. ಕುರಿ ಕಾಯೋ ಆಳಿಗೆ ಏನ್ ಕೂಲಿಯೋ ಅಷ್ಟು. ಮೀಟಿಂಗಿಗೆ ಓದ ದಿನಕ್ಕೆ ಮಾತ್ರ.”

ಮುಂದಿನ ಗ್ರಾಮಸಭೆಯಲ್ಲಿ ಕೇಳುವುದೆಂದೂ, ಊರು ಒಪ್ಪದಿದ್ದರೆ ಇನ್ನು ಸಭೆಗಳಿಗೆ ಹೋಗುವುದು ತಮ್ಮಿಂದಾಗದೆಂದೂ ಹೇಳಿದರು. ಶಾಸಕರು, ಸಂಸದರು ತಮ್ಮ ಸಂಬಳವನ್ನು ತಾವೇ ಕೈಯೆತ್ತಿ ಏರಿಸಿಕೊಂಡ ಸುದ್ದಿಯನ್ನು ನಾನು ಎಷ್ಟೋ ಬಾರಿ ಬರೆದಿದ್ದೆ. ತನಗೆ ಎಷ್ಟು ಎಂಬುದನ್ನು ಓಟು ಹಾಕಿದವರೇ ಎದುರಿಗೆ ಕೂತು ಹೇಳಲಿ ಎಂದವರನ್ನು ಕಂಡದ್ದು ಅದೇ ಮೊದಲು. ಅಂದೇ ಸುದ್ದಿ ಬರೆದೆ.

ತಮಿಳಿನಲ್ಲಿ ಪ್ರಯಾಣ ಭತ್ಯೆಗೆ ‘ಪಯಣಪ್ಪಡಿ’ ಎನ್ನುತ್ತಾರೆ; ಬರೀ ಪಡಿ ಎಂದರೂ ಭತ್ಯೆಯೇ. ಶೀರ್ಷಿಕೆ ಒಂದು ಕಾಲಮಿನಲ್ಲಿ ಹಿಡಿಸಲಿಲ್ಲ. ಪಯಣವನ್ನು ನಾನೇ ಕತ್ತರಿಸಿದೆ. ‘ಊರವರಲ್ಲಿ ಪಡಿ ಕೇಳುವ ತಲೈವಿ’ ಎಂದು ಉಳಿಯಿತು. ಧರ್ಮಪುರಿಯ ಪೇಟೆಯಲ್ಲಿ ಅದು ಯಾರಿಗೂ ತಪ್ಪೆನಿಸಲಿಲ್ಲ. ಆ ಹಳ್ಳಿಯಲ್ಲಿ ಮಾತ್ರ ಪಡಿಗೆ ಇದ್ದದ್ದು ಒಂದೇ ಅರ್ಥ. ಸುಗ್ಗಿಯಲ್ಲಿ ಕೆರೆ ನೀರು ಬಿಡುವವನು ಗೋಣಿಚೀಲ ಹಿಡಿದು ಬಂದರೆ ಮನೆಗೊಂದು ಪಡಿ ರಾಗಿ ಅಳೆದು ಹಾಕುವುದು ಅಲ್ಲಿನ ವಾಡಿಕೆ. ಟೀ ಅಂಗಡಿಯಲ್ಲಿ ಯಾರೋ ಶೀರ್ಷಿಕೆಯನ್ನಷ್ಟೇ ಗಟ್ಟಿಯಾಗಿ ಓದಿದರಂತೆ. ಅಷ್ಟು ಸಾಕಾಯಿತು.

ಗ್ರಾಮಸಭೆಯ ದಿನ ತಲೈವರಮ್ಮ ಬಾಯಿ ತೆರೆಯುವ ಮೊದಲೇ ಒಬ್ಬ ಮುದುಕ ಖಾಲಿ ಪಡಿಯೊಂದನ್ನು ತಂದು ಅವರ ಮುಂದಿನ ಮೇಜಿನ ಮೇಲಿಟ್ಟ.

“ತಕ್ಕಳವ್ವ. ಚೀಲ ನೀನೇ ತಂದಿದ್ದೀಯಾ, ಅದ್ನೂ ನಾವೇ ಕೊಡ್ಬೇಕಾ?”

“ಅವ್ನಾದ್ರೂ ನೀರ್ ಬಿಡ್ತಾನೆ,” ಎಂದಳು ಹಿಂದೆ ಕೂತಿದ್ದ ಒಬ್ಬಳು. “ಇವ್ಳು ಏನ್ ಬಿಟ್ಲು, ಕುರೀನಾ?”

ಸಭೆ ನಕ್ಕಿತು. ರಾಗಿ ಅಲ್ಲ ಎಂದು ಅವರು ಎರಡು ಸಲ ಹೇಳಿದ್ದು ಆ ನಗುವಿನಲ್ಲಿ ಕೇಳಿಸಲೇ ಇಲ್ಲ. ಆಗ, ವರದಿಗೆಂದು ಬಂದು ಕೂತಿದ್ದ ನನ್ನ ಕಡೆ ತಿರುಗಿದರು.

“ನಂಗ್ ಓದಾಕೆ ಬರಾಕಿಲ್ಲ. ನೀನ್ ಏನ್ ಬರ್ದೆ ಅಂತ ನೀನೇ ಏಳು ಪೇಪರಣ್ಣ. ನಿಂಗೂ ನಮ್ ಮಾತು ಬತ್ತೈತಲ್ಲ.”

ಸಭೆಯಲ್ಲಿ ವರದಿಗಾರ ಬರೆಯಬೇಕು, ಮಾತಾಡಬಾರದು ಎಂದು ನಮಗೆ ಕಲಿಸಿದ್ದರು. ನಾನು ನೋಟ್‌ಬುಕ್ಕಿನ ಮೇಲೆ ಬಗ್ಗಿದೆ. ‘ಅಧ್ಯಕ್ಷೆ ಕೆಲಕಾಲ ಮೌನವಾಗಿದ್ದರು’ ಎಂದು ಬರೆದುಕೊಂಡೆ.

ಆಮೇಲೆ ನಲ್ಲಂಪಳ್ಳಿಗೆ ಉಪಾಧ್ಯಕ್ಷ ಬೈಕಿನಲ್ಲಿ ಹೋಗತೊಡಗಿದ. ಅವನು ಯಾರಲ್ಲೂ ಏನೂ ಕೇಳಲಿಲ್ಲ. ಊರಿಗೆ ಅದು ಹಿಡಿಸಿತು. ಅವನು ಕುರಿಹಟ್ಟಿಗೆ ತಂದ ಕಾಗದಗಳಿಗೆ ತಲೈವರಮ್ಮ ಹೆಬ್ಬೆಟ್ಟು ಒತ್ತಿದರು. ಅವುಗಳಲ್ಲಿ ಏನಿತ್ತೋ... ನಾನೂ ಕೇಳಲಿಲ್ಲ. ಒಮ್ಮೆ ಹಟ್ಟಿಯ ಹತ್ತಿರ ಸಿಕ್ಕಾಗ ಮರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ನಕ್ಕರು. “ಏನ್ ಪೇಪರಣ್ಣ, ಇವತ್ ಯಾರ್ಗೆ ಪಡಿ?” ಎಂದರು. ಮಜ್ಜಿಗೆ ಕೊಟ್ಟರು. ಕುಡಿದು ಬಂದೆ.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎರಡು ವರ್ಷ ತಡವಾಗಿ. ಸಚಿವರೊಬ್ಬರ ಇನಿಷಿಯಲ್ ತಪ್ಪಿದಾಗ ಮರುದಿನವೇ ತಪ್ಪೊಪ್ಪಿಕೊಂಡು ಅಚ್ಚುಹಾಕಿದ ಪತ್ರಿಕೆ ನಮ್ಮದು. ಅದಕ್ಕೆ ಕನ್ನಡದಲ್ಲಿ ತಿದ್ದುಪಡಿ ಎನ್ನುತ್ತಾರೆ. ಆ ಪದದೊಳಗೂ ಒಂದು ಪಡಿ ಇರುವುದು, ಅಂಗಡಿಯಲ್ಲಿ ಅದನ್ನು ಹಿಡಿದು ನಿಂತಾಗಲೇ ಹೊಳೆದದ್ದು.

“ವೇಣುಮಾ ಸಾರ್?” ಅಂಗಡಿಯವನು ಕೇಳಿದ. ಬೇಡವೆಂದು ಕೊಡಗಳ ನಡುವೆ ಇಟ್ಟು ಹೊರಗೆ ಬಂದೆ. ಅಂದು ಗ್ರಾಮಸಭೆಯಲ್ಲಿ ಕಾಲಮ್ಮೂ ಬೇಕಿರಲಿಲ್ಲ, ಶೀರ್ಷಿಕೆಯೂ ಬೇಕಿರಲಿಲ್ಲ. ಎದ್ದು ನಿಂತು, ಆ ಊರಿನ ಮಾತಿನಲ್ಲೇ, ಅದು ರಾಗಿ ಅಲ್ಲ, ಕೂಲಿ ಎಂದಿದ್ದರೆ ಸಾಕಿತ್ತು.