ಸೂತಕದ ಮನೆಗೆ ಒಯ್ದ ಬಾಕಿ ಹಣ

ಕೊಟ್ಟ ಹಣ ವಾಪಸು ಪಡೆಯಲು ಜನ ಅಲೆಯುವುದನ್ನು ಎಲ್ಲರೂ ಕಂಡಿರುತ್ತಾರೆ. ನಾವು ಗಂಡ ಹೆಂಡತಿ ಅಲೆದದ್ದು ಹಣ ಕೊಡುವುದಕ್ಕೆ.

ಗದಗ-ಬೆಟಗೇರಿಯ ಬಾಡಿಗೆ ಮನೆಯಲ್ಲಿ ಹತ್ತೊಂಬತ್ತು ವರ್ಷ ಕಳೆದ ಮೇಲೆ ನಾಗಾವಿಯ ದಾರಿಯಲ್ಲಿ ಒಂದು ಸೈಟು ಗೊತ್ತು ಮಾಡಿದೆವು. ಅದರ ಮಾಲೀಕರು ಲಕ್ಷ್ಮೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ನನ್ನ ಮದುವೆಯ ಸೀರೆಗಳೂ ಆ ಅಂಗಡಿಯವೇ. ನಾವಿಬ್ಬರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಮುಂಗಡವಾಗಿ ಸಂಚಕಾರದ ಹಣ ಕೊಡಲು ನನ್ನ ಬಂಗಾರದ ಪಾಟ್ಲಿ ಬಳೆ ಮಾರಿದೆವು. ಮೂರು ತಿಂಗಳೊಳಗೆ ಬಾಕಿ ಹಣ ಕೊಟ್ಟು ಖರೀದಿ ಮಾಡಿಸಿಕೊಳ್ಳಬೇಕು, ಮುದ್ದತು ಮೀರಿದರೆ ಕರಾರು ರದ್ದು, ಸಂಚಕಾರ ವಾಪಸಿಲ್ಲ ಎಂದು ಪತ್ರದಲ್ಲಿತ್ತು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಎರಡು ಸಲ ಓದಿಯೇ ಸಹಿ ಹಾಕಿದೆ.

ಅಷ್ಟರಲ್ಲಿ ಆ ಕಡೆ ಸೈಟುಗಳ ದರ ಏರಿತು. ಕಾಕಾ ಕೈಗೆ ಸಿಗದಾದರು. ಹಣ ಹೊಂದಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೋದರೆ ಶಿರಹಟ್ಟಿಗೆ ಹೋಗಿದ್ದಾರೆ ಎಂದರು. ಶಿರಹಟ್ಟಿಗೆ ಹೋದರೆ ಈಗ ತಾನೇ ಬೆಳ್ಳಟ್ಟಿಗೆ ಹೊರಟರು ಎಂದರು. ಚೆಕ್ ಬೇಡ, ಬ್ಯಾಂಕಿಗೂ ಹಾಕಬೇಡಿ, ಕೈಯಲ್ಲೇ ಕೊಡಿ ಎಂದು ಫೋನಿನಲ್ಲಿ ಬೆಣ್ಣೆಯಂಥ ಮಾತು.

ಮುದ್ದತಿಗೆ ಆರು ದಿನ ಉಳಿದಿರುವಾಗ ಮುಂಡರಗಿಯಲ್ಲಿ ಕಾಕಾನ ಅಣ್ಣ ತೀರಿಕೊಂಡರು. ಮಾತಾಡಿಸಲು ಹೋದೆವು. ಹಣದ ಚೀಲವೂ ಜೊತೆಗಿತ್ತು, ಅದನ್ನು ಹೇಳಲು ಈಗಲೂ ನಾಚಿಕೆ.

ನಮ್ಮ ಮನೆಯವರು ಮೆಲ್ಲಗೆ, "ಕಾಕಾ, ಬಾಕಿ ರೊಕ್ಕ ತಂದೇವ್ರಿ," ಎಂದರು.

"ಸೂತಕದ ಮನ್ಯಾಗ ರೊಕ್ಕ ಮುಟ್ಟೂದು ಬ್ಯಾಡ ತಮ್ಮಾ. ಹದಿಮೂರು ದಿನ ಆಗ್ಲಿ."

"ಅದಕ್ಕೂ ಮೊದ್ಲ ಮುದ್ದತು ಮುಗಿತೈತಲ್ರಿ."

ಕಾಕಾ ನನ್ನ ಕಡೆ ತಿರುಗಿದರು. "ಏನ್ರಿ ಬಾಯಾರ, ನಾವೇನ ಹೊರಗಿನವರೇನ್ರಿ?" ಅವರ ಕಣ್ಣು ಒದ್ದೆಯಾಗಿತ್ತು.

"ಹಂಗಾದ್ರ ಇದರ ಮ್ಯಾಲೆ ಎರಡು ಸಾಲು ಬರದು ಕೊಡ್ರಿ," ಎನ್ನುತ್ತಾ ಮನೆಯವರು ಕಿಸೆಯಿಂದ ಕರಾರು ಪತ್ರ ತೆಗೆದರು. ಒಳಗೆ ಹೆಂಗಸರು ಅಳುತ್ತಿದ್ದರು. ನಾನು ಮನೆಯವರ ಕೈ ಹಿಡಿದೆ. "ಈಗ ಬ್ಯಾಡ್ರಿ. ನೋಡಿದವರಿಗೆ ಹೆಂಗ ಕಾಣತೈತಿ?" ಅವರು ಪತ್ರ ಮಡಚಿ ಮತ್ತೆ ಕಿಸೆಗೆ ಹಾಕಿದರು. ದಾಕ್ಷಿಣ್ಯಕ್ಕೆ ಬಸುರಾದರೆ ಹಡೆಯಲು ಜಾಗವಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅದು ಆಗ ನೆನಪಿಗೆ ಬರಲಿಲ್ಲ.

ಹದಿಮೂರನೆಯ ದಿನದ ಊಟಕ್ಕೂ ಹೋದೆವು. ಕಾಕಾ ತಾವೇ ಹೋಳಿಗೆ ಬಡಿಸಿದರು, ಬೇಡವೆಂದರೂ ಎರಡನೆಯದನ್ನು ಎಲೆಗೆ ಹಾಕಿದರು. "ನಾಳೆ ಒಂದಿನ ಬಿಟ್ಟು ನಾನ ಗದಗಿಗೆ ಬರ್ತೀನಿ. ನೀವು ಇಷ್ಟು ದೂರ ಓಡಾಡಬ್ಯಾಡ್ರಿ," ಎಂದರು.

ಅವರು ಹೇಳಿದ ದಿನಕ್ಕೆ ಅವರ ಬದಲು ವಕೀಲರ ನೋಟಿಸು ಬಂತು. ನಾವು ಮುದ್ದತಿನೊಳಗೆ ಹಣ ಕೊಡದೆ ಕರಾರು ಮುರಿದೆವಂತೆ. ಆದ್ದರಿಂದ ಸಂಚಕಾರ ಮುಟ್ಟುಗೋಲು. ತಾರೀಕು ನೋಡಿದೆ. ಊಟದ ಹಿಂದಿನ ದಿನದ್ದು. ಕಾಕಾ ನನ್ನ ಎಲೆಗೆ ತುಪ್ಪ ಹಾಕುವಾಗ ಆ ಕಾಗದ ಅಂಚೆಯಲ್ಲಿತ್ತು.

ಸಾವು ಸುಳ್ಳಾಗಿದ್ದರೆ ಬಾಯಿ ತುಂಬ ಬೈದು ಹಗುರಾಗುತ್ತಿದ್ದೆ. ಅಣ್ಣ ಸತ್ತದ್ದು ಖರೆ, ಕಣ್ಣೀರೂ ಖರೆ. ಆ ಮನುಷ್ಯ ಅದನ್ನೂ ವ್ಯಾಪಾರಕ್ಕೆ ಹಚ್ಚಿದ. ನಾವು ಹಿಡಿದ ವಕೀಲರು, ಕಾಕಾ ದಿನ ಮುಂದೆ ಹಾಕಿದ್ದಕ್ಕೆ ಬರೆದದ್ದು ಏನಿದೆ ಎಂದು ಕೇಳಿದರು.

ಇನ್ನೂ ಅದೇ ಬಾಡಿಗೆ ಮನೆಯಲ್ಲಿದ್ದೇವೆ. ಅವತ್ತು ನೀನು ಕೈ ಹಿಡಿದು ತಡೆಯದಿದ್ದರೆ ಎಂದು ನಮ್ಮ ಮನೆಯವರು ಇವತ್ತಿನವರೆಗೆ ಒಂದು ಮಾತು ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ತಿಂಗಳ ಮೊದಲ ದಿನ ಬಾಡಿಗೆಯ ಹಣವನ್ನು ಮಾತ್ರ ನನ್ನೆದುರು ಎಣಿಸುವುದಿಲ್ಲ, ಹೊರಗೆ ಕಟ್ಟೆಯ ಮೇಲೆ ಕುಳಿತು ಎಣಿಸಿ ಕೊಟ್ಟು ಬರುತ್ತಾರೆ.