ರೇವಣಪ್ಪನ ಇಸಿಜಿ

ನಮ್ಮ ಅಣ್ಣನ ಮಗಳು ಕೃತಿಕಾ ಐರ್ಲೆಂಡಿನ ಕಾರ್ಕ್ ಎಂಬ ಊರಿನಲ್ಲಿ ವಯಸ್ಸಾದವರನ್ನು ನೋಡುವ ಡಾಕ್ಟರು. ದಾವಣಗೆರೆಯಲ್ಲಿ ಎಂಬಿಬಿಎಸ್ ಮುಗಿಸಿ, ಮುಂದಿನ ತರಬೇತಿಗೆಂದು ಹೋದವಳು. ಅಲ್ಲಿನ ಮುದುಕರೂ ಎದೆ ಹಿಡಿದುಕೊಂಡು ಬಂದು "ಏನಿಲ್ಲ, ಚೆನ್ನಾಗಿದ್ದೀನಿ" ಎನ್ನುತ್ತಾರಂತೆ. "ಥೇಟ್ ನಮ್ಮ ಪಂಚನಹಳ್ಳಿಯವರೇ ಚಿಕ್ಕಪ್ಪ, ಬಾಯಿ ಬಿಡಿಸೋದ್ರಲ್ಲೇ ಅರ್ಧ ದಿನ ಹೋಗುತ್ತೆ" ಎಂದು ನಗುತ್ತಿದ್ದಳು.

ಐದು ವರ್ಷದ ತರಬೇತಿ ಈ ವರ್ಷ ಮುಗಿಯಿತು. ಇಲ್ಲೇ ಕೆಲಸಕ್ಕೆ ಸೇರಿಕೊಳ್ಳಿ ಎಂದು ಅಲ್ಲಿನ ಆಸ್ಪತ್ರೆಯವರು ಕರೆದರು. ಏಪ್ರಿಲ್‌ನ ಒಂದು ಭಾನುವಾರ ಫೋನು ಮಾಡಿ, "ಜುಲೈ ಮುಗಿಯೋದ್ರೊಳಗೆ ಹೇಳ್ಬೇಕಂತೆ. ಏನ್ಮಾಡ್ಲಿ ಅಪ್ಪಾ?" ಎಂದು ಕೇಳಿದಳು.

ಅಣ್ಣ ಗುರುಮೂರ್ತಿ ಕೊಬ್ಬರಿ ವಿಂಗಡಿಸುತ್ತಾ ಕೂತಿದ್ದ. ತಲೆ ಎತ್ತದೆ "ನಿನ್ನಿಷ್ಟ ಕಣಮ್ಮ" ಎಂದ. ಅತ್ತಿಗೆ ವಿಶಾಲಾಕ್ಷಮ್ಮನೂ ಅದನ್ನೇ ಅಂದರು. ಫೋನು ನನ್ನ ಕೈಗೆ ಬಂತು. ನಾನಾದರೂ ಏನು ಕಡಿದು ಕಟ್ಟೆ ಹಾಕಿದೆ? "ನಿನ್ನಿಷ್ಟಮ್ಮ" ಎಂದೆ. ಆಮೇಲೆ ಪ್ರತಿ ಭಾನುವಾರವೂ ಇದೇ ಪಾಠ.

ಇದು ನಮ್ಮ ಮನೆಯ ದರಿದ್ರ ಬುದ್ಧಿ. ಪಂಕ್ತಿಯಲ್ಲಿ ಕೂತರೆ ಬಡಿಸುವವರು ಮೂರು ಸಲ ಒತ್ತಾಯ ಮಾಡುವ ತನಕ ಹೊಟ್ಟೆ ಹಸಿದಿದ್ದರೂ "ಸಾಕು ಸಾಕು" ಎನ್ನುವ ಜನ ನಾವು. ಬೇಕು ಎಂದು ಬಾಯಿಬಿಟ್ಟರೆ ಮರ್ಯಾದೆ ಹೋದೀತೆಂಬ ಭಯ. ಒಳಗೊಳಗೇ ಮೂವರಿಗೂ ಅವಳು ಬರಬೇಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಕ್ಲಿನಿಕ್ಕಿಗೆ ಆಗುವಂಥ ಒಂದು ಜಾಗವನ್ನು ಅಣ್ಣ ನೋಡಿಕೊಂಡೂ ಬಂದಿದ್ದ. ಮಗಳಿಗೆ ಮಾತ್ರ ಒಂದು ಮಾತು ಹೇಳಲಿಲ್ಲ, ಪುಣ್ಯಾತ್ಮ.

ಜುಲೈ ಮೊದಲ ವಾರ ಊರಿನ ಸ್ಕೂಲಿನಲ್ಲಿ ಯಾವುದೋ ಸಂಘದವರು ಆರೋಗ್ಯ ಶಿಬಿರ ಮಾಡಿ, ಐವತ್ತು ದಾಟಿದವರಿಗೆಲ್ಲ ಇಸಿಜಿ ತೆಗೆದರು. ಅದನ್ನು ಓದಿ ಹೇಳುವ ಡಾಕ್ಟರು ಅವರ ಜೊತೆ ಬಂದಿರಲಿಲ್ಲ; ಕಾಗದ ಕೈಗೆ ಕೊಟ್ಟು, ನಿಮ್ಮ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಹೋದರು. ಊರಿಗೆಲ್ಲ ಡಾಕ್ಟರೆಂದರೆ ನನ್ನ ವಾಟ್ಸಾಪಿನಲ್ಲಿರುವ ಕೃತಿಕಾ. ಮಾರನೆಯ ದಿನ ಪಕ್ಕದ ಮನೆಯ ರೇವಣಪ್ಪ ಬಂದ. ಕುರಿ ಸಾಕಿಕೊಂಡಿರುವ ಗಟ್ಟಿ ಆಳು.

"ಓಂಕಾರಣ್ಣ, ಎರಡ್ ದಿನದಿಂದ ಎದೆ ಉರಿ. ಗ್ಯಾಸ್ಟ್ರಿಕ್ ಇರ್ಬೇಕು. ಇದನ್ನೊಂದು ಕೃತಿಕಾ ಪಾಪುಗೆ ಕಳ್ಸು" ಎಂದು ಕಾಗದ ಕೊಟ್ಟು ಹೋದ.

ಆಗ ನನ್ನ ತಲೆಗೆ ಒಂದು ಬುದ್ಧಿ ಹೊಳೆಯಿತು. ಅದಕ್ಕೆ ಬುದ್ಧಿ ಎನ್ನಬಾರದು, ಇರಲಿ. ಗ್ಯಾಸ್ಟ್ರಿಕ್ಕಿನವನ ಕಾಗದದಲ್ಲಿ ಏನಿರುತ್ತದೆ? ಆದರೆ ಅಪ್ಪನದೆಂದು ನೋಡಿದರೆ ಅಪ್ಪನಿಗೂ ವಯಸ್ಸಾಯಿತು ಎಂಬುದು ಅವಳ ಮನಸ್ಸಿಗೆ ನಾಟುತ್ತದೆ, ತಾನಾಗಿ ಬರುತ್ತಾಳೆ ಎಂದುಕೊಂಡೆ. ಹೆಸರಿದ್ದ ಕಡೆ ಮಡಚಿ ಫೋಟೋ ತೆಗೆದು, "ಅಪ್ಪಂದು, ನೋಡಮ್ಮ" ಎಂದು ಬರೆದು ಕಳಿಸಿದೆ.

ನಾಲ್ಕೇ ನಿಮಿಷಕ್ಕೆ ಫೋನು ಬಂತು.

"ಚಿಕ್ಕಪ್ಪ, ಅಪ್ಪ ಎಲ್ಲಿದಾರೆ? ಒಂದು ಹೆಜ್ಜೆನೂ ನಡೆಸ್ಬೇಡಿ. ಇದು ಹಾರ್ಟ್ ಅಟ್ಯಾಕು. ಕಾರಲ್ಲಿ ಮಲಗ್ಸಿ, ಈಗ್ಲೇ ಹಾಸನಕ್ಕೆ ಹೊರಡಿ!"

ಅಣ್ಣ ಎದುರಿಗೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

"ಅದು... ಅಣ್ಣಂದಲ್ಲ ಕಣಮ್ಮ. ರೇವಣಪ್ಪಂದು."

ಬೇರೆ ಯಾರಾದರೂ ಆಗಿದ್ದರೆ ನನ್ನ ಏಳು ತಲೆಮಾರಿನ ಜನ್ಮ ಜಾಲಾಡುತ್ತಿದ್ದರು. ಅವಳು ಕೇಳಿದ್ದು ಒಂದೇ. "ರೇವಣಪ್ಪ ಎಲ್ಲಿ? ಓಡಿ!"

ರೇವಣಪ್ಪ ಹಿತ್ತಿಲಲ್ಲಿ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಎತ್ತಿಕೊಂಡೇ ಕಾರಿಗೆ ಹಾಕಿದೆವು. ಹಾಸನ ಮುಟ್ಟುವ ತನಕ ಅವಳು ಫೋನಿನಲ್ಲೇ ಇದ್ದಳು. ಸ್ಟೆಂಟ್ ಹಾಕಿದರು. ಇನ್ನೊಂದೆರಡು ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಎಂಟನೇ ದಿನಕ್ಕೆ ಆಸಾಮಿ ಜಗಲಿಯ ಮೇಲೆ ಕೂತು, ಖಾರವಿಲ್ಲದ ಊಟ ಹಾಕುತ್ತಾಳೆಂದು ಹೆಂಡತಿಯ ಮೇಲೆ ರೇಗುತ್ತಿದ್ದ.

ಅದರ ಮುಂದಿನ ಭಾನುವಾರ ಕೃತಿಕಾ ಫೋನು ಮಾಡಿ ಮೊದಲು ನನ್ನನ್ನೇ ಕೇಳಿದಳು. ಅಣ್ಣ ಅತ್ತಿಗೆ ಪಕ್ಕದಲ್ಲಿದ್ದರು, ಸ್ಪೀಕರ್ ಹಾಕಿತ್ತು.

"ಯಾಕೆ ಹಂಗ್ಮಾಡಿದ್ರಿ ಚಿಕ್ಕಪ್ಪ? ಅಪ್ಪ ಹೋಗೇಬಿಟ್ರು ಅಂದ್ಕೊಂಡಿದ್ದೆ ನಾನು."

"ತಪ್ಪಾಯ್ತು ಕಣವ್ವ. ನೀನು ಬರ್ಲಿ ಅಂತ ಮಾಡ್ದೆ." "ಬಂದ್ಬಿಡು. ನೀನಿಲ್ದೆ ನಮಗೆ ಆಗ್ತಿಲ್ಲ."

ಅವಳು ಬಿಕ್ಕಿದ್ದು ಕೇಳಿಸಿತು. "ಮೂರು ತಿಂಗಳು ಕೇಳ್ದೆ ಚಿಕ್ಕಪ್ಪ. ವಾರವಾರ ಕೇಳ್ದೆ. ಈ ಮಾತು ಒಬ್ಬರ ಬಾಯಲ್ಲೂ ಬರ್ಲಿಲ್ಲ. ನಾನು ಬರೋದು ಯಾರಿಗೂ ಬೇಕಿಲ್ಲ ಅಂದ್ಕೊಂಡೆ."

"ಈಗ ಹೇಳ್ತಿದೀನಲ್ಲಮ್ಮ."

"ಮೊನ್ನೆ ಶುಕ್ರವಾರ ಸೈನ್ ಹಾಕ್ಬಿಟ್ಟೆ. ಮೂರು ವರ್ಷಕ್ಕೆ."

ಅಣ್ಣ ಫೋನು ಕೊಡು ಎಂದು ಕೈ ಚಾಚಿದ. ಕಿವಿಗೆ ಹಿಡಿದ. ಅರವತ್ತೆಂಟು ವರ್ಷದ ಮನುಷ್ಯ, ನಾವಿಬ್ಬರೂ ನೋಡುತ್ತಿದ್ದ ಹಾಗೆಯೇ ಜೋರಾಗಿ ಅತ್ತುಬಿಟ್ಟ. ಅವಳು ಆ ಕಡೆಯಿಂದ "ಅಪ್ಪಾ, ಅಪ್ಪಾ" ಎಂದು ಕೂಗುತ್ತಲೇ ಇದ್ದಳು.